ಹಳೆಯ ಸ್ಕ್ರಾಲ್ ಸಾ ಸರಿಪಡಿಸಲು ಬ್ಲೇಡಿನ ತುದಿಯಿಂದ ಶುರು ಮಾಡಿ

ಕಾಸರಗೋಡಿನ ಕಡೆ ಹಳೆಯ ಸ್ಕ್ರಾಲ್ ಸಾ, ಅಂದರೆ ಸಪೂರ ಬ್ಲೇಡು ಮೇಲೆ ಕೆಳಗೆ ಓಡಿ ಹಲಗೆಯಲ್ಲಿ ಸುತ್ತು ಆಕಾರ ಕೊಯ್ಯುವ ಕರೆಂಟಿನ ಗರಗಸ, ಕೈಗೆ ಸಿಗುವುದು ಹೆಚ್ಚಾಗಿ ಮೂರು ದಾರಿಯಲ್ಲಿ. ಗಲ್ಫಿನಿಂದ ಊರಿಗೆ ಮರಳಿದವರು ಸಾಮಾನಿನೊಟ್ಟಿಗೆ ತಂದದ್ದು, ಮಂಗಳೂರಿನಲ್ಲಿ ಹಳೆ ಸಾಮಾನು ಮಾರುವಲ್ಲಿ ಕಂಡದ್ದು, ಇಲ್ಲವೇ ಕೆಲಸ ನಿಲ್ಲಿಸಿದ ಆಚಾರಿಯೊಬ್ಬರ ಕೊಟ್ಟಿಗೆಯಲ್ಲಿ ಹುಡಿ ಹಿಡಿದು ಕೂತದ್ದು. ಎಲ್ಲಿಂದ ಬಂದರೂ ಜೊತೆಗೆ ಕೈಪಿಡಿ ಇರುವುದಿಲ್ಲ, ಬ್ಲೇಡು ಇದ್ದರೆ ಮೊಂಡಾಗಿರುತ್ತದೆ. ಮರಗೆಲಸ ಈಗಷ್ಟೇ ಕಲಿಯುತ್ತಿರುವವರು ಅದೇ ಬ್ಲೇಡಿನಲ್ಲಿ ಒಂದು ಹಲಗೆ ಕೊಯ್ದು ನೋಡುತ್ತಾರೆ. ಗೆರೆ ತಪ್ಪುತ್ತದೆ, ಹಲಗೆ ಎಗರುತ್ತದೆ, ಯಂತ್ರ ಗಡಗಡ ಅನ್ನುತ್ತದೆ. ಮೋಟಾರು ಹೋಗಿದೆ ಎಂದು ತೀರ್ಮಾನಿಸಿ ಗುಜರಿಗೆ ಕೊಡುತ್ತಾರೆ.

ಹಾಗೆ ಕೊಟ್ಟ ಯಂತ್ರಗಳಲ್ಲಿ ಎಷ್ಟೋ ಒಳ್ಳೆಯವೇ ಇರುತ್ತವೆ. ಈ ಯಂತ್ರದ ತೊಂದರೆಗಳಲ್ಲಿ ಬಹುಪಾಲು ಬ್ಲೇಡಿನ ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿ, ಅಂದರೆ ಬ್ಲೇಡು ಹಿಡಿಯುವ ಕ್ಲ್ಯಾಂಪು, ಬ್ಲೇಡಿನ ಬಿಗಿತ, ಬ್ಲೇಡು ನಿಂತಿರುವ ನೇರ, ಇವುಗಳಲ್ಲಿ ಅಡಗಿರುತ್ತವೆ. ಮೋಟಾರಿನ ಮೇಲೆ ಅನುಮಾನ ಪಡುವುದು ಕೊನೆಗೆ. ಇನ್ನೊಂದು ನಿಯಮವನ್ನೂ ಬಿಡಬೇಡಿ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಕೊಯ್ದು ನೋಡಿ, ಆಮೇಲೆ ಮುಂದಿನದ್ದು. ಬ್ಲೇಡು, ಬಿಗಿತ, ವೇಗ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದು ತಪ್ಪಾಗಿತ್ತೆಂದು ಗೊತ್ತಾಗುವುದೇ ಇಲ್ಲ.

ಪ್ಲಗ್ ಹಾಕುವ ಮೊದಲು

ಮೋಟಾರಿನ ಮೇಲಿನ ಫಲಕ ಓದಿ. ನಮ್ಮಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಜ್. ಯುಎಇ, ಕತಾರ್, ಒಮಾನ್, ಕುವೈತ್ ಕಡೆಯ ಯಂತ್ರಗಳಿಗೆ ಇದೇ ಸರಬರಾಜು ಹೊಂದುತ್ತದೆ. ಸೌದಿಯಿಂದ ಬಂದ ಹಳೆ ಯಂತ್ರವಾದರೆ ಎಚ್ಚರ ಬೇಕು. ಅಲ್ಲಿ 60 ಹರ್ಟ್ಜ್, ಮನೆಗಳಲ್ಲಿ ಬಹುಕಾಲ 127 ವೋಲ್ಟ್ ಇತ್ತು. ಫಲಕದಲ್ಲಿ 110, 120 ಅಥವಾ 127 ಎಂದಿದ್ದರೆ ನೇರವಾಗಿ ಚುಚ್ಚಿದ ಕೂಡಲೇ ಮೋಟಾರು ಸುಡುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. 120 ವ್ಯಾಟಿನ ಯಂತ್ರಕ್ಕೆ 300 ವಿಎ (ವೋಲ್ಟ್ ಆಂಪಿಯರ್) ಸಾಮರ್ಥ್ಯದ್ದು ಇದ್ದರೆ ಧೈರ್ಯವಾಗಿ ಬಳಸಬಹುದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಜನ್ನು ಬದಲಿಸುವುದಿಲ್ಲ. ಕಾರ್ಬನ್ ಬ್ರಶ್ ಇರುವ ಮೋಟಾರಿಗೆ ಅದರಿಂದ ತೊಂದರೆಯಿಲ್ಲ. ಬ್ರಶ್ ಇಲ್ಲದ ಇಂಡಕ್ಷನ್ ಮೋಟಾರಾದರೆ 60 ಹರ್ಟ್ಜಿಗೆ ಮಾಡಿದ್ದು 50ರಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಅಂಥದ್ದನ್ನು ಕೊಳ್ಳದಿರುವುದೇ ಒಳ್ಳೆಯದು.

ಗಲ್ಫಿನ ಯಂತ್ರದಲ್ಲಿ ಚಪ್ಪಟೆ ಕಾಲಿನ ದೊಡ್ಡ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಅದರೊಳಗೆ ಪುಟ್ಟ ಫ್ಯೂಸ್ ಇದೆ. ಯಂತ್ರ ಸತ್ತಂತೆ ಕಂಡರೆ ಮೊದಲು ಈ ಫ್ಯೂಸನ್ನು ತೆಗೆದು ನೋಡಿ. ನಮ್ಮ ಪ್ಲಗ್ ಹಾಕಿಸುವುದಾದರೆ ಮೂರು ಪಿನ್ನಿನದ್ದನ್ನೇ ಹಾಕಿಸಿ, ಅರ್ತ್ ವಯರನ್ನು ಬಿಡಬೇಡಿ. ಎರಡೇ ವಯರಿನ ಯಂತ್ರದ ಫಲಕದಲ್ಲಿ ಚೌಕದೊಳಗೆ ಚೌಕದ ಗುರುತು ಇದ್ದರೆ ಅದಕ್ಕೆ ಅರ್ತ್ ಬೇಕಿಲ್ಲ. ವಯರು ಯಂತ್ರದೊಳಕ್ಕೆ ಹೋಗುವ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿ ನೋಡಿ. ರಬ್ಬರು ಬಿರಿದಿದ್ದರೆ ವಯರನ್ನೇ ಬದಲಿಸಿ, ಇನ್ಸುಲೇಶನ್ ಟೇಪು ಸುತ್ತಿ ಸುಮ್ಮನಾಗಬೇಡಿ.

ಕೈಯಲ್ಲಿ ಒಂದು ಸುತ್ತು

ಪ್ಲಗ್ ತೆಗೆದೇ ಇಟ್ಟು, ಬ್ಲೇಡು ಹಾಕಿ ಸಾಧಾರಣ ಬಿಗಿ ಮಾಡಿ, ಮೋಟಾರಿನ ದಂಡವನ್ನೋ ಮೇಲಿನ ತೋಳನ್ನೋ ಹಿಡಿದು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ತೋಳು ಮೇಲೆ ಹೋಗಿ ಕೆಳಗೆ ಬರಬೇಕು. ಬಹಳಷ್ಟು ಯಂತ್ರಗಳಲ್ಲಿ ಈ ಓಟ ಸುಮಾರು 19 ಮಿಲಿಮೀಟರ್. ಇಡೀ ಸುತ್ತಿನಲ್ಲಿ ಒಂದೇ ಸಮ ಎದುರೊತ್ತು ಇದ್ದರೆ ಒಳಭಾಗ ಚೆನ್ನಾಗಿದೆ. ಮರಳು ಅರೆದ ಹಾಗೆ ಕೈಗೆ ಹತ್ತಿದರೆ ಬೇರಿಂಗಿಗೆ ಹುಡಿ ಹೊಕ್ಕಿದೆ. ತೋಳಿನ ದಿಕ್ಕು ಬದಲಾಗುವಲ್ಲಿ "ಟಕ್" ಎಂದರೆ ತೋಳಿಗೂ ಮೋಟಾರಿಗೂ ನಡುವಿನ ಕೀಲಿನಲ್ಲಿ ಸಡಿಲವಿದೆ. ಒಂದೇ ಜಾಗದಲ್ಲಿ ಹಿಡಿದು ನಿಂತರೆ, ಮೋಟಾರಿನ ದಂಡದ ಮೇಲಿರುವ ಚಕ್ರದ ತಿರುಪು ಸಡಿಲಾಗಿ ಚಕ್ರ ಪಕ್ಕಕ್ಕೆ ಜರುಗಿದೆ. ಅಲೆನ್ ಕೀ ಹಾಕಿ ಮೂಲ ಜಾಗಕ್ಕೆ ತಂದು ಬಿಗಿದರೆ ಅಲ್ಲಿಗೆ ಮುಗಿಯಿತು.

ಕೊಳ್ಳುವ ಮೊದಲೇ ಇದನ್ನು ಮಾಡಲು ಸಾಧ್ಯವಾದರೆ, ಟಾರ್ಚು ಹಿಡಿದು ತೋಳುಗಳನ್ನೂ ನೋಡಿ. ಎರಕದ ತೋಳಿನಲ್ಲಿ, ಅದರಲ್ಲೂ ಹಿಂದಿನ ಕೀಲಿನ ಸುತ್ತ, ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟುಬಿಡಿ. ಮಿಕ್ಕ ಯಾವ ದೋಷಕ್ಕೂ ಮದ್ದಿದೆ. ನಿಮಿಷಕ್ಕೆ ಸಾವಿರ ಸಲ ಎಳೆತ ತಿನ್ನುವ ತೋಳಿಗೆ ಹಾಕಿದ ಬೆಸುಗೆಯನ್ನು ನಂಬಲಾಗದು.

ಯಾವ ಬ್ಲೇಡು

ಸ್ಕ್ರಾಲ್ ಸಾ ಬ್ಲೇಡಿನ ಉದ್ದ 5 ಇಂಚು, ಅಂದರೆ 127 ಮಿಲಿಮೀಟರ್. ಎರಡು ಜಾತಿ ಇವೆ. ಎರಡೂ ತುದಿಯಲ್ಲಿ ಅಡ್ಡ ಮೊಳೆಯಿರುವುದು ಪಿನ್ ಬ್ಲೇಡು, ತುದಿ ಬರಿದಾಗಿರುವುದು ಪಿನ್ನಿಲ್ಲದ್ದು. ಅಗ್ಗದ ಹಳೆ ಯಂತ್ರಗಳು ಹೆಚ್ಚಾಗಿ ಪಿನ್ ಬ್ಲೇಡಿನವು. ಹೊರಗಿನ ಅಂಚನ್ನಷ್ಟೇ ಕೊಯ್ಯುವುದಾದರೆ ಅದು ಸಾಕು, ಹಾಕುವುದೂ ಸುಲಭ. ಆದರೆ ಮನೆಯ ಹೆಸರಿನ ಹಲಗೆಗೆ ಕನ್ನಡ ಅಕ್ಷರ ಕೊಯ್ಯಲು ಹೊರಟರೆ ಅದರ ಮಿತಿ ಥಟ್ಟನೆ ಗೊತ್ತಾಗುತ್ತದೆ. ನಮ್ಮ ಅಕ್ಷರಗಳ ತುಂಬ ಸುತ್ತುಗಳು, ಅವುಗಳಲ್ಲಿ ಎಷ್ಟೋ ಮುಚ್ಚಿದ ಸುತ್ತು. ಒಳಭಾಗ ತೆಗೆಯಲು ಡ್ರಿಲ್ಲಿನಲ್ಲಿ ತೂತು ಮಾಡಿ ಬ್ಲೇಡನ್ನು ಅದರೊಳಗಿಂದ ಹಾಯಿಸಬೇಕು. ಪಿನ್ ಹಾಯಲು 5ರಿಂದ 6 ಮಿಲಿಮೀಟರ್ ತೂತು ಬೇಕು. ಪಿನ್ನಿಲ್ಲದ ಸಣ್ಣ ಬ್ಲೇಡಿಗೆ 1.5ರಿಂದ 2 ಮಿಲಿಮೀಟರ್ ಸಾಕು. ಎರಡಿಂಚು ಎತ್ತರದ ಅಕ್ಷರದ ಪಕ್ಕದ ಸೊನ್ನೆಯೊಳಗೆ 6 ಮಿಲಿಮೀಟರ್ ತೂತು ಹಾಕಿದರೆ ಕೊಯ್ಯಲು ಏನೂ ಉಳಿಯುವುದಿಲ್ಲ. (ಠ ಅಕ್ಷರವಿದ್ದರೆ ನಡುವಿನ ಚುಕ್ಕೆ ಕಳಚಿ ಬೀಳುತ್ತದೆ. ಗೆರೆ ಎಳೆಯುವಾಗಲೇ ಅದಕ್ಕೊಂದು ಸಣ್ಣ ಸೇತುವೆ ಬಿಡಿ.)

ಪಿನ್ ಯಂತ್ರಕ್ಕೆ ಪಿನ್ನಿಲ್ಲದ ಬ್ಲೇಡು ಹಾಕಲು ಅಡಾಪ್ಟರ್ ಸಿಗುತ್ತದೆ. ಅಲೆನ್ ತಿರುಪಿರುವ ಎರಡು ಪುಟ್ಟ ತುಂಡುಗಳು ಅಷ್ಟೆ. ಕೊಳ್ಳುವ ಮುಂಚೆ ನಿಮ್ಮ ಯಂತ್ರದ ಪಿನ್ ಕೂರುವ ಸೀಳಿನ ಅಗಲ ಅಳೆದುಕೊಳ್ಳಿ. ಆಭರಣ ಮಾಡುವವರು ಬಳಸುವ ಗರಗಸದ ಎಳೆಯೂ 130 ಮಿಲಿಮೀಟರ್ ಉದ್ದವೇ, ಪಿನ್ನಿಲ್ಲದ ಕ್ಲ್ಯಾಂಪಿಗೆ ಕೂರುತ್ತದೆ. ತೆಳು ಹಿತ್ತಾಳೆ ತಗಡಿಗೆ ಅದು ಚೆನ್ನ. ಮರಕ್ಕೆ ಬೇಡ, ಹಲ್ಲುಗಳ ನಡುವೆ ಜಾಗವಿಲ್ಲದೆ ಹುಡಿ ಕಟ್ಟಿಕೊಂಡು ಮರ ಸುಡುತ್ತದೆ.

ನಂಬರಿನ ಲೆಕ್ಕ ಸ್ಥೂಲವಾಗಿ ಹೀಗೆ: 3 ಮಿಲಿಮೀಟರ್ ಪ್ಲೈವುಡ್ಡಿಗೆ 1 ಅಥವಾ 2ನೇ ನಂಬರು, 6ರಿಂದ 12 ಮಿಲಿಮೀಟರಿಗೆ 3ರಿಂದ 5, ಮುಕ್ಕಾಲು ಇಂಚಿನ ಹಲಸು ಅಥವಾ ತೇಗಕ್ಕೆ 5ರಿಂದ 7, ಒಂದು ಇಂಚಿಗಿಂತ ದಪ್ಪಕ್ಕೆ 9 ಮತ್ತು ಮೇಲೆ. ನಂಬರು ಗೊತ್ತಿಲ್ಲದ ಬ್ಲೇಡಾದರೆ ಹಲ್ಲು ಎಣಿಸಿ: ಯಾವ ಹೊತ್ತಿಗೂ ಕಡಿಮೆಯೆಂದರೆ ಮೂರು ಹಲ್ಲು ಮರದೊಳಗೆ ಇರಬೇಕು. ಇಂಚಿಗೆ 15 ಹಲ್ಲಿನ ಬ್ಲೇಡಿನಲ್ಲಿ 3 ಮಿಲಿಮೀಟರ್ ಪ್ಲೈವುಡ್ ಕೊಯ್ದರೆ ಎರಡು ಹಲ್ಲೂ ಸರಿಯಾಗಿ ಹಿಡಿಯುವುದಿಲ್ಲ. ಹಲಗೆ ಎಗರುವುದು, ಅಡಿಭಾಗ ಸಿಬಿರು ಸಿಬಿರಾಗಿ ಕಿತ್ತು ಬರುವುದು ಅದಕ್ಕೇ.

ಹಾಕುವಾಗ ಹಲ್ಲುಗಳ ಮೊನೆ ಕೆಳಮುಖವಾಗಿ, ನಿಮ್ಮ ಕಡೆಗೆ ಇರಬೇಕು. ಸಣ್ಣ ಬ್ಲೇಡಿನಲ್ಲಿ ಇದು ಕಣ್ಣಿಗೆ ಕಾಣದು. ಬೆರಳ ತುದಿಯನ್ನು ಹಗುರವಾಗಿ ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಸವರಿ. ಮೇಲಕ್ಕೆ ಸವರುವಾಗ ಚುಚ್ಚಿದರೆ ಸರಿ ಕೂತಿದೆ. ಕೆಲವು ಬ್ಲೇಡುಗಳಲ್ಲಿ ಕೆಳತುದಿಯ ಕೆಲವು ಹಲ್ಲು ಮಾತ್ರ ಮೇಲ್ಮುಖವಾಗಿರುತ್ತವೆ. ಅಡಿಭಾಗದ ಸಿಬಿರು ಕಡಿಮೆ ಮಾಡಲು ಮಾಡಿದ ಏರ್ಪಾಡು ಅದು, ತಲೆಕೆಳಗೆ ಹಾಕಬೇಡಿ. ತೋಳು ಅತಿ ಮೇಲೆ ಹೋದಾಗ ಟೇಬಲ್ಲಿನ ಮೇಲೆ ಅಂಥ ಎರಡು ಮೂರು ಉಲ್ಟಾ ಹಲ್ಲು ಮಾತ್ರ ಕಾಣುವಂತಿರಲಿ.

ಬ್ಲೇಡು ಕ್ಲ್ಯಾಂಪಿನಿಂದ ಜಾರುವುದು

ಹಳೆ ಯಂತ್ರ ಕೊಂಡವರಿಗೆ ಅತಿ ಹೆಚ್ಚು ಕಾಟ ಕೊಡುವುದು ಇದೇ. ಬಿಗಿ ಮಾಡಿ ಸ್ವಿಚ್ ಹಾಕಿದ ಕ್ಷಣಕ್ಕೆ "ಟಪ್" ಎಂದು ಬ್ಲೇಡು ಕಳಚುತ್ತದೆ. ಇಕ್ಕಳ ಹಾಕಿ ತಿರುಪನ್ನು ಇನ್ನೂ ಬಿಗಿಯುವುದು ಎಲ್ಲರೂ ಮಾಡುವ ಕೆಲಸ, ಅದರಿಂದಲೇ ಕ್ಲ್ಯಾಂಪಿನ ಮರೆ (ತಿರುಪು ಕೂರುವ ಸುರುಳಿ ಗೆರೆ) ಹಾಳಾಗುತ್ತದೆ.

ಮೊದಲ ಕಾರಣ ಎಣ್ಣೆ. ತುಕ್ಕು ಹಿಡಿಯದಿರಲೆಂದು ಹೊಸ ಬ್ಲೇಡಿಗೆ ಎಣ್ಣೆ ಸವರಿರುತ್ತಾರೆ. ತುದಿಯ ಅರ್ಧ ಇಂಚನ್ನು ಥಿನ್ನರಿನಲ್ಲಿ ಒರೆಸಿ, 220 ನಂಬರಿನ ಸ್ಯಾಂಡ್ ಪೇಪರನ್ನು ಮಡಚಿ ಅದರ ನಡುವೆ ತುದಿಯನ್ನು ಎರಡು ಸಲ ಎಳೆಯಿರಿ. ನುಣುಪು ಹೋಗಿ ಹಿಡಿತ ಬರುತ್ತದೆ. ಅದೇ ಸ್ಯಾಂಡ್ ಪೇಪರಿನ ಸಪೂರ ಪಟ್ಟಿಯನ್ನು ಕ್ಲ್ಯಾಂಪಿನ ಬಾಯೊಳಗೆ ಹಾಕಿ, ತಿರುಪನ್ನು ಸ್ವಲ್ಪವೇ ಒತ್ತಿ, ಹೊರಕ್ಕೆ ಎಳೆಯಿರಿ. ಪಟ್ಟಿಯನ್ನು ತಿರುಗಿಸಿ ಇನ್ನೊಂದು ಕೆನ್ನೆಗೂ ಹಾಗೇ ಮಾಡಿ.

ಇಷ್ಟಾದರೂ ಜಾರಿದರೆ ತಿರುಪನ್ನು ಪೂರ್ತಿ ಬಿಚ್ಚಿ ಅದರ ಮೊನೆಯನ್ನು ಬೆಳಕಿಗೆ ಹಿಡಿಯಿರಿ. ಹೊಸದಿದ್ದಾಗ ಮೊನೆ ಸಪಾಟಾಗಿರುತ್ತದೆ. ವರ್ಷಗಟ್ಟಲೆ ಬ್ಲೇಡನ್ನು ಒತ್ತಿ ಒತ್ತಿ ನಡುವೆ ಬ್ಲೇಡಿನ ಅಗಲದ ಒಂದು ಗೀರು ಬಿದ್ದಿರುತ್ತದೆ, ಅಂಚು ಅಣಬೆಯ ಕೊಡೆಯಾಗಿ ಹೊರಕ್ಕೆ ಹರಡಿರುತ್ತದೆ. ಬ್ಲೇಡು ಕೂರುವುದು ಆ ಗೀರಿನೊಳಗೆ, ಆದ್ದರಿಂದ ಒತ್ತಡವೇ ಬೀಳುವುದಿಲ್ಲ. ಸಣ್ಣ ಅರದಲ್ಲಿ ಮೊನೆಯನ್ನು ಸಪಾಟು ಮಾಡಿ, ಅಂಚಿನ ಹರಡಿದ ಭಾಗವನ್ನು ತಿಕ್ಕಿ ತೆಗೆಯಿರಿ. ಒಂದು ಮಿಲಿಮೀಟರಿನಷ್ಟು ತೆಗೆದರೂ ಪರವಾಗಿಲ್ಲ. ಎದುರಿನ ಕೆನ್ನೆಯಲ್ಲೂ ಪುಟ್ಟ ತಿರುಪಿರುವ ಯಂತ್ರವಾದರೆ ಅದರ ಮೊನೆಗೂ ಇದೇ ಉಪಚಾರ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ಹೊಸ ತಿರುಪು ಸಿಕ್ಕರೆ ಇನ್ನೂ ಒಳ್ಳೆಯದು, ಹಳೆಯದನ್ನು ಮಾದರಿಗೆ ಕೊಂಡೊಯ್ಯಿರಿ. ಕ್ಲ್ಯಾಂಪಿನ ಒಳಮರೆಯೇ ಸವೆದು ತಿರುಪು ಸುಮ್ಮನೆ ತಿರುಗುತ್ತಿದ್ದರೆ ಲೇತ್ ಕೆಲಸದವರ ಹತ್ತಿರ ಎಂ5 (5 ಮಿಲಿಮೀಟರ್) ಇದ್ದದ್ದನ್ನು ಎಂ6 (6 ಮಿಲಿಮೀಟರ್) ಮರೆಗೆ ಏರಿಸಿಕೊಳ್ಳಬಹುದು, ಗೋಡೆ ಸಾಕಷ್ಟು ದಪ್ಪವಿದ್ದರೆ ಮಾತ್ರ.

ಬಿಗಿತ

ಬಿಗಿತ ಕಡಿಮೆಯಾದರೆ ಬ್ಲೇಡು ಮರದೊಳಗೆ ಬಿಲ್ಲಿನಾಕಾರಕ್ಕೆ ಬಾಗಿ ಕೊಯ್ತದ ಗೋಡೆ ಉಬ್ಬುತ್ತದೆ, ಗೆರೆ ಅಲೆಯುತ್ತದೆ. ಹೆಚ್ಚಾದರೆ ಬ್ಲೇಡು ಕ್ಲ್ಯಾಂಪಿನ ಹತ್ತಿರ ತುಂಡಾಗುತ್ತದೆ. ಹೊಸಬರು ಹೆದರಿ ಕಡಿಮೆಯೇ ಬಿಗಿಯುತ್ತಾರೆ. ಎರಡು ಪರೀಕ್ಷೆಗಳು ಸಾಕು. ಬ್ಲೇಡಿನ ನಡುಭಾಗವನ್ನು ಬೆರಳಲ್ಲಿ ಪಕ್ಕಕ್ಕೆ ಒತ್ತಿ; 3 ಮಿಲಿಮೀಟರಿಗಿಂತ ಹೆಚ್ಚು ಬಾಗಬಾರದು. ಆಮೇಲೆ ಉಗುರಿನಿಂದ ಬ್ಲೇಡಿನ ಬೆನ್ನನ್ನು ಮೀಟಿ. ತಂಬೂರಿಯ ತಂತಿಯಂತೆ ಸ್ಪಷ್ಟವಾದ ಏರು ಸ್ವರ ಬರಬೇಕು. "ದಬ್" ಎಂಬ ಮಂದ ಸದ್ದು ಬಂದರೆ ಇನ್ನೂ ಕಾಲು ಸುತ್ತು ಬಿಗಿಯಿರಿ. ಬಿಗಿ ಮಾಡುತ್ತ ಹೋದರೂ ಸ್ವರ ಏರದಿದ್ದರೆ ಬ್ಲೇಡು ಕ್ಲ್ಯಾಂಪಿನಲ್ಲಿ ಜಾರುತ್ತಿದೆ, ಅಥವಾ ಹಿಂದಿನ ಬಿಗಿತದ ಸ್ಪ್ರಿಂಗು ಸೋತಿದೆ. ಕೆಲಸ ಮುಗಿದ ಮೇಲೆ ಬಿಗಿತ ಸಡಿಲಿಸಿ ಇಡಿ, ಸ್ಪ್ರಿಂಗು ಬಾಳುತ್ತದೆ.

ಬ್ಲೇಡು ಮುರಿದ ಜಾಗವೂ ಮಾತಾಡುತ್ತದೆ. ಕ್ಲ್ಯಾಂಪಿನ ಅಂಚಿನಲ್ಲೇ ಮುರಿದರೆ ಬಿಗಿತ ಅತಿಯಾಗಿದೆ, ಇಲ್ಲವೇ ಮೇಲಿನ ಮತ್ತು ಕೆಳಗಿನ ಕ್ಲ್ಯಾಂಪುಗಳು ಒಂದೇ ನೇರದಲ್ಲಿಲ್ಲದೆ ಬ್ಲೇಡು ತಿರುಚಿಕೊಂಡಿದೆ. ನಡುವೆ ಮುರಿದರೆ ನೀವು ಹಲಗೆಯನ್ನು ಪಕ್ಕಕ್ಕೆ ಒತ್ತಿದ್ದೀರಿ, ಅಥವಾ ಮೊಂಡು ಬ್ಲೇಡಿನ ಮೇಲೆ ಬಲ ಹಾಕಿದ್ದೀರಿ. ತಿರುಚು ನೋಡಲು ಬ್ಲೇಡಿಗೆ ಎದುರಿನಿಂದ ಬೆಳಕು ಬಿಡಿ. ಇಡೀ ಉದ್ದಕ್ಕೆ ಒಂದೇ ಸಮ ಹೊಳೆಯಬೇಕು. ಮೇಲರ್ಧ ಹೊಳೆದು ಕೆಳಗರ್ಧ ಕಪ್ಪಾದರೆ ಒಂದು ಕ್ಲ್ಯಾಂಪನ್ನು ಸಡಿಲಿಸಿ ತುಸು ತಿರುಗಿಸಿ.

ಬ್ಲೇಡಿಗೂ ಸಾವಿದೆ ಎಂಬುದನ್ನು ಒಪ್ಪಿಕೊಳ್ಳಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ. ಅರ್ಧ ಗಂಟೆ ಕೊಯ್ದರೆ ಬದಲಿಸುವ ಹೊತ್ತು ಬಂತೆಂದೇ ಲೆಕ್ಕ. ತೆಳು ಪ್ಲೈವುಡ್ ಕೊಯ್ಯುವಾಗ ಬ್ಲೇಡಿನ ಒಂದೇ ಭಾಗ ಸವೆಯುತ್ತದೆ. ಟೇಬಲ್ಲಿನ ಮೇಲೆ 12 ಮಿಲಿಮೀಟರಿನ ಪ್ಲೈವುಡ್ ತುಂಡನ್ನು ಟೇಪಿನಲ್ಲಿ ಅಂಟಿಸಿ ಅದರ ಮೇಲೆ ಕೆಲಸವಿಟ್ಟರೆ ಸವೆಯದ ಮೇಲಿನ ಹಲ್ಲುಗಳು ಬಳಕೆಗೆ ಬರುತ್ತವೆ.

ಟೇಬಲ್ಲಿನ ಮೂಲೆಮಟ್ಟ

ಟೇಬಲ್ಲಿನ ಅಡಿಯಲ್ಲಿರುವ ಡಿಗ್ರಿ ಗುರುತನ್ನು ನಂಬಬೇಡಿ. ಪುಟ್ಟ ಮೂಲೆಮಟ್ಟವನ್ನು ಬ್ಲೇಡಿನ ಪಕ್ಕಕ್ಕೆ ಹಿಡಿದು ನೋಡಿ, ಆಮೇಲೆ ಕೊಯ್ದು ಖಚಿತ ಮಾಡಿಕೊಳ್ಳಿ. 40ರಿಂದ 45 ಮಿಲಿಮೀಟರ್ ದಪ್ಪದ ಒಂದು ಕೊರಡಿನ ಅಂಚಿನಲ್ಲಿ ಎರಡು ಮೂರು ಮಿಲಿಮೀಟರಿನಷ್ಟೇ ಒಳಕ್ಕೆ ಕೊಯ್ಯಿರಿ. ಯಂತ್ರ ನಿಲ್ಲಿಸಿ. ಕೊರಡನ್ನು ಟೇಬಲ್ಲಿನಿಂದ ಎತ್ತದೆ ಬ್ಲೇಡಿನ ಹಿಂಬದಿಗೆ ತಂದು, ಅದೇ ಕೊಯ್ತವನ್ನು ಬ್ಲೇಡಿನ ಬೆನ್ನಿಗೆ ಹಿಡಿಯಿರಿ. ಬ್ಲೇಡು ತಡೆಯಿಲ್ಲದೆ ಕೊಯ್ತದೊಳಗೆ ಜಾರಿದರೆ ಟೇಬಲ್ಲು ಸರಿಯಾಗಿ 90 ಡಿಗ್ರಿ. ಮೇಲೆ ಕೂತು ಕೆಳಗೆ ಕೂರದಿದ್ದರೆ ಓರೆಯಿದೆ. ಕಾಣುವ ಅಂತರ ನಿಜವಾದ ಓರೆಯ ಎರಡರಷ್ಟು, ಆದ್ದರಿಂದ ಅದರ ಅರ್ಧದಷ್ಟೇ ತಿದ್ದಿ ಮತ್ತೆ ಹೊಸ ಕೊಯ್ತ ಹಾಕಿ ನೋಡಿ. ಸರಿಯಾದ ಮೇಲೆ ಡಿಗ್ರಿ ಸೂಚಿಯ ಮುಳ್ಳನ್ನು ಸೊನ್ನೆಗೆ ತಂದು ಬಿಗಿಯಿರಿ.

ಮೂಲೆಮಟ್ಟವನ್ನು ಬ್ಲೇಡಿನ ಹಿಂದಕ್ಕೂ ಹಿಡಿದು ಕೈಯಿಂದ ತೋಳನ್ನು ಮೇಲೆ ಕೆಳಗೆ ಆಡಿಸಿ. ಬ್ಲೇಡು ಹಿಂದೆ ಮುಂದೆ ಎಷ್ಟು ಸರಿಯುತ್ತದೆ ಎಂಬುದು ಯಂತ್ರದ ಜಾತಿಯ ಮೇಲಿದೆ. ಎರಡು ತೋಳು ಒಂದಕ್ಕೊಂದು ಸಮಾನಾಂತರವಾಗಿ ಓಡುವ ಯಂತ್ರದಲ್ಲಿ ಬ್ಲೇಡು ಹೆಚ್ಚುಕಡಿಮೆ ನೆಟ್ಟಗೇ ಇಳಿಯುತ್ತದೆ. ಸಿ ಆಕಾರದ ಒಂದೇ ತೋಳಿನ ಯಂತ್ರದಲ್ಲಿ ತೋಳು ಕಮಾನಿನಲ್ಲಿ ತೂಗುವುದರಿಂದ ಬ್ಲೇಡು ಸ್ವಲ್ಪ ಸರಿಯಲೇಬೇಕು. ಅದು ದೋಷವಲ್ಲ, ತಿದ್ದಲು ಹೋಗಬೇಡಿ. ಸಮಾನಾಂತರ ತೋಳಿನ ಯಂತ್ರದಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಸರಿದರೆ ಮೇಲಿನ ಕ್ಲ್ಯಾಂಪು ಕೆಳಗಿನದರ ನೇರಕ್ಕಿಲ್ಲ, ಅಥವಾ ಹಿಂದಿನ ಕೀಲು ಸವೆದಿದೆ.

ಕೊಯ್ಯುವಾಗ ಕಾಣುವ ತೊಂದರೆಗಳು

ಎಲ್ಲ ಸರಿಯಿದ್ದೂ ಕೊಯ್ತ ಬಲಕ್ಕೆ ಎಳೆದರೆ ಗಾಬರಿ ಬೇಡ. ಸಾಮಾನ್ಯ ಬ್ಲೇಡುಗಳನ್ನು ತಯಾರಿಸುವಾಗ ಹಲ್ಲಿನ ಒಂದು ಪಕ್ಕದಲ್ಲಿ, ಹೆಚ್ಚಾಗಿ ಬಲಕ್ಕೆ, ಕಣ್ಣಿಗೆ ಕಾಣದ ಒರಟು ಅಂಚು ಉಳಿಯುತ್ತದೆ. ಆ ಪಕ್ಕ ಹೆಚ್ಚು ಕಚ್ಚುತ್ತದೆ. ಹಲಗೆಯನ್ನು ನೇರ ತಳ್ಳುವ ಬದಲು 3ರಿಂದ 5 ಡಿಗ್ರಿ ಓರೆ ಹಿಡಿದು ತಳ್ಳಿದರೆ ಬ್ಲೇಡು ಗೆರೆಯ ಮೇಲೆ ಓಡುತ್ತದೆ. ಕೈ ಅದನ್ನು ಬೇಗ ಕಲಿಯುತ್ತದೆ. ಈ ಕಾರಣಕ್ಕೇ ಸ್ಕ್ರಾಲ್ ಸಾದಲ್ಲಿ ನೇರ ಪಟ್ಟಿ ಆನಿಸಿ ಉದ್ದ ಕೊಯ್ಯುವ ಪ್ರಯತ್ನ ಕೂಡದು. ಅರೆದು ಹಲ್ಲು ಮಾಡಿದ ದುಬಾರಿ ಬ್ಲೇಡುಗಳಲ್ಲಿ ಈ ಎಳೆತ ತೀರ ಕಡಿಮೆ.

ಕೊಯ್ತದ ಗೋಡೆ ಕಪ್ಪಾಗಿ ಸುಡುತ್ತಿದ್ದರೆ ಬ್ಲೇಡು ಮೊಂಡು, ಅಥವಾ ಮರಕ್ಕೆ ತೀರ ಸಣ್ಣದು, ಅಥವಾ ವೇಗ ಹೆಚ್ಚು. ವೇಗ ಬದಲಿಸಬಲ್ಲ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 400ರಿಂದ 1600 ಏಟಿನವರೆಗೆ ಓಡುತ್ತವೆ. ಗಟ್ಟಿ ಮರಕ್ಕೆ ನಡುವಿನ ವೇಗ ಸಾಕು. ಹಲಗೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪು ಅಂಟಿಸಿ ಅದರ ಮೂಲಕವೇ ಕೊಯ್ದರೆ ಸುಡುವುದು ಬಹಳ ಇಳಿಯುತ್ತದೆ. ಹಲಸು, ತೇಗಗಳಲ್ಲಿ ಇದನ್ನು ಮಾಡಿಯೇ ನೋಡಿ.

ಹಲಗೆ ಬ್ಲೇಡಿನ ಜೊತೆ ಎದ್ದು ಟೇಬಲ್ಲಿಗೆ ಬಡಿದರೆ, ಅದನ್ನು ಎರಡೂ ಕೈಯಲ್ಲಿ ಕೆಳಕ್ಕೆ ಒತ್ತಿ ಹಿಡಿದು ಯಂತ್ರ ನಿಲ್ಲಿಸಿ. ಕೈಬಿಟ್ಟರೆ ಬೆರಳಿಗೆ ಪೆಟ್ಟು. ಕಾಲಲ್ಲಿ ಒತ್ತುವ ಸ್ವಿಚ್ಚಿದ್ದರೆ ಇಲ್ಲಿ ದೊಡ್ಡ ಉಪಕಾರ. ತಿರುವಿನಲ್ಲಿ ಹೀಗಾದರೆ ನೀವು ಮುಂದೆ ತಳ್ಳುತ್ತಲೇ ತಿರುಗಿಸಿದ್ದೀರಿ. ಚೂಪು ಮೂಲೆಯಲ್ಲಿ ತಳ್ಳುವುದನ್ನು ನಿಲ್ಲಿಸಿ, ಬ್ಲೇಡು ನಿಂತಲ್ಲೇ ಓಡುತ್ತಿರುವಾಗ ಹಲಗೆಯನ್ನು ಅದರ ಬೆನ್ನಿನ ಸುತ್ತ ತಿರುಗಿಸಬೇಕು.

ಸಣ್ಣ ತುಂಡುಗಳು ಟೇಬಲ್ಲಿನ ನಡುವಿನ ತೂತಿಗೆ ಬೀಳುತ್ತಿದ್ದರೆ ಪ್ಲಾಸ್ಟಿಕ್ ಬಿಲ್ಲೆ ಬಾಗಿದೆ. ಹಳೆಯ ಎಟಿಎಂ ಕಾರ್ಡಿಗೆ 2 ಮಿಲಿಮೀಟರ್ ತೂತು ಹಾಕಿ, ಬ್ಲೇಡು ಅದರೊಳಗಿಂದ ಬರುವಂತೆ ಟೇಬಲ್ಲಿಗೆ ಅಂಟಿಸಿದರಾಯಿತು.

ಅದುರುವುದು, ಬಡಿಯುವುದು

ಅದುರುವುದಕ್ಕೂ ಬಡಿಯುವುದಕ್ಕೂ ವ್ಯತ್ಯಾಸ ಮಾಡಿ. ಇಡೀ ಯಂತ್ರ ಒಂದು ವೇಗದಲ್ಲಿ ಮಾತ್ರ ಅದುರಿ, ವೇಗ ಏರಿಸಿದರೆ ಅಥವಾ ಇಳಿಸಿದರೆ ನಿಂತರೆ ಅದು ನೆಲೆಯ ಸಮಸ್ಯೆ. ಹಗುರವಾದ ಮೇಜಿನ ಮೇಲೆ ಸುಮ್ಮನೆ ಇಟ್ಟ ಯಂತ್ರ ಅದುರಿಯೇ ತೀರುತ್ತದೆ. ಭಾರದ ಬೆಂಚಿಗೆ, ಇಲ್ಲವಾದರೆ 18 ಮಿಲಿಮೀಟರ್ ಪ್ಲೈವುಡ್ಡಿನ ಎರಡು ಪದರ ಸೇರಿಸಿದ ಹಲಗೆಗೆ, ನಾಲ್ಕು ಬೋಲ್ಟು ಹಾಕಿ ಬಿಗಿಯಿರಿ. ಬಿಗಿಯುವ ಮೊದಲು ನಾಲ್ಕು ಪಾದಗಳೂ ನೆಲ ಮುಟ್ಟುತ್ತವೆಯೇ ನೋಡಿ. ಒಂದು ಪಾದ ಎದ್ದಿದ್ದರೆ ಅದರಡಿ ರಟ್ಟು ಕೊಡಿ. ಹಾಗೆ ಮಾಡದೆ ಬೋಲ್ಟು ಎಳೆದರೆ ಎರಕದ ತಳ ತಿರುಚಿ ಬಿರಿಯಬಹುದು.

ಪ್ರತಿ ಏಟಿಗೂ ಒಂದೊಂದು ಬಡಿತ ಕೇಳಿದರೆ ಎಲ್ಲೋ ಕೀಲು ಸಡಿಲಾಗಿದೆ. ಪ್ಲಗ್ ತೆಗೆದು, ಬ್ಲೇಡು ಬಿಗಿಯಿರುವಾಗಲೇ ಮೇಲಿನ ತೋಳಿನ ಮುಂತುದಿಯನ್ನು ಪಕ್ಕಕ್ಕೂ ಮೇಲಕ್ಕೂ ಅಲುಗಾಡಿಸಿ. ಇನ್ನೊಂದು ಕೈಯ ಬೆರಳನ್ನು ಒಂದೊಂದೇ ಕೀಲಿನ ಮೇಲೆ ಇಡುತ್ತ ಬನ್ನಿ: ಹಿಂದಿನ ಕೀಲು, ಮೋಟಾರಿನಿಂದ ಬರುವ ಕೊಂಡಿ, ಕೆಳಗಿನ ಕ್ಲ್ಯಾಂಪು. ಆಟ ಇರುವ ಜಾಗದಲ್ಲಿ ಬೆರಳಿಗೆ ಸಣ್ಣ ಹೊಡೆತ ತಿಳಿಯುತ್ತದೆ. ಬೋಲ್ಟು ಸಡಿಲವಾಗಿದ್ದರೆ ಬಿಗಿಯಿರಿ, ಆದರೆ ತೋಳು ತನ್ನ ಭಾರಕ್ಕೆ ಸಲೀಸಾಗಿ ಆಡುವಷ್ಟು ಮಾತ್ರ.

ಕೀಲಿನೊಳಗೆ ಹಿತ್ತಾಳೆ ಬಣ್ಣದ ಬುಶ್ (ದಂಡ ಕೂರುವ ಲೋಹದ ಬಳೆ) ಇದ್ದರೆ ಅದು ಎಣ್ಣೆ ಕುಡಿಯುವ ಜಾತಿಯದ್ದು. ಯಂತ್ರವನ್ನು ಒಂದು ಮಗ್ಗುಲಿಗೆ ಮಲಗಿಸಿ ಕೀಲಿನ ದಂಡದ ಸುತ್ತ ಎಸ್‌ಎಇ 20 ಎಣ್ಣೆ ಧಾರಾಳವಾಗಿ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ, ಮರುದಿನ ಇನ್ನೊಂದು ಮಗ್ಗುಲಿಗೆ ಹೊರಳಿಸಿ ಅದೇ ರೀತಿ ಮಾಡಿ. ಬೈಕಿಗೆ ಹಾಕುವ 20ಡಬ್ಲ್ಯು-40 ಎಣ್ಣೆಯಿಂದಲೂ ಕೆಲಸ ನಡೆಯುತ್ತದೆ. ಬೇರಿಂಗು ಇದ್ದರೆ ಎಣ್ಣೆಯಿಂದ ಸರಿಯಾಗದು, ಬದಲಿಸಬೇಕು. ಅದರ ಅಂಚಿನಲ್ಲಿ 608 ಅಥವಾ 6000 ಎಂಬಂಥ ನಂಬರು ಕೆತ್ತಿರುತ್ತದೆ. ಅದೇ ನಂಬರಿನ, ಎರಡೂ ಕಡೆ ರಬ್ಬರು ಮುಚ್ಚಿದ 2ಆರ್‌ಎಸ್ ಬೇರಿಂಗು ಕೇಳಿ. ಲೋಹದ ಮುಚ್ಚಿಗೆಯ ಝಡ್‌ಝಡ್ ಬೇರಿಂಗು ಮರದ ಹುಡಿಯನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ.

ಮೋಟಾರು

ಇಷ್ಟೆಲ್ಲ ನೋಡಿಯೂ ತೊಂದರೆ ಉಳಿದರೆ ಮೋಟಾರಿಗೆ ಬನ್ನಿ. ವೇಗ ಬದಲಿಸುವ ಗುಬ್ಬಿಯಿರುವ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾರ್ಬನ್ ಬ್ರಶ್ಶಿನ ಮೋಟಾರು. ಮೋಟಾರಿನ ಎರಡು ಪಕ್ಕದಲ್ಲಿ ಎದುರುಬದುರಾಗಿ ಎರಡು ಪ್ಲಾಸ್ಟಿಕ್ ಮುಚ್ಚಳ ಕಂಡರೆ ಬ್ರಶ್ಶು ಅದರಡಿ ಇದೆ. ಬಿಟ್ಟು ಬಿಟ್ಟು ಓಡುವುದು, ತಟ್ಟಿದರೆ ಶುರುವಾಗುವುದು ಬ್ರಶ್ ಸವೆದ ಲಕ್ಷಣ. ಉದ್ದ 6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಅದೇ ಅಳತೆಯದ್ದು ಸಿಗದಿದ್ದರೆ ತುಸು ದೊಡ್ಡದನ್ನು ತಂದು ಸ್ಯಾಂಡ್ ಪೇಪರಿನ ಮೇಲೆ ಉಜ್ಜಿ ಇಳಿಸಬಹುದು, ಗೂಡಿನಲ್ಲಿ ತಡೆಯಿಲ್ಲದೆ ಜಾರುವಂತಿರಬೇಕು. ಬ್ರಶ್ ತಾಗುವ ತಾಮ್ರದ ಭಾಗ ಕಪ್ಪಾಗಿದ್ದರೆ ನಯವಾದ ಗಾಜಿನ ಪೇಪರಿನಲ್ಲಿ ಒರೆಸಿ. ಎಮರಿ ಪೇಪರ್ ಬೇಡ. ಅದರ ಹುಡಿ ತಾಮ್ರದ ಪಟ್ಟಿಗಳ ನಡುವೆ ಸಿಕ್ಕಿ ಶಾರ್ಟ್ ಮಾಡಬಹುದು. ಗುಬ್ಬಿ ಎಲ್ಲಿಗೆ ತಿರುಗಿಸಿದರೂ ಪೂರ್ತಿ ವೇಗದಲ್ಲೇ ಓಡಿದರೆ ಹೋಗಿರುವುದು ಮೋಟಾರಲ್ಲ, ವೇಗ ನಿಯಂತ್ರಿಸುವ ಪುಟ್ಟ ಸರ್ಕ್ಯೂಟ್ ಬೋರ್ಡು.

ಬ್ರಶ್ಶಿಲ್ಲದ ಮೋಟಾರು "ಹೂಂ" ಎನ್ನುತ್ತ ತಿರುಗದೆ ನಿಂತರೆ ಕೂಡಲೇ ಸ್ವಿಚ್ ತೆಗೆಯಿರಿ. ಕೈಯಲ್ಲಿ ಸಲೀಸಾಗಿ ತಿರುಗುವುದಾದರೆ ಕೆಪಾಸಿಟರ್ ಸತ್ತಿರುವ ಸಂಭವವೇ ಹೆಚ್ಚು. ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜು ಉಳಿದಿರುತ್ತದೆ. ಎಲೆಕ್ಟ್ರಿಶನ್ನರು ಬಳಸುವಂತೆ 230 ವೋಲ್ಟಿನ ತಂತಿ ಬಲ್ಬಿನ ಎರಡು ವಯರನ್ನು ಅದರ ತುದಿಗಳಿಗೆ ಮುಟ್ಟಿಸಿ ಖಾಲಿ ಮಾಡಿಯೇ ಕೈ ಹಾಕಬೇಕು. ಇದರಲ್ಲಿ ಪಳಗದವರು ಮೋಟಾರು ವೈಂಡಿಂಗ್ ಮಾಡುವಲ್ಲಿಗೆ ಕೊಂಡೊಯ್ಯುವುದೇ ಸರಿ. ಹೊಸ ಕೆಪಾಸಿಟರಿನ ಮೈಕ್ರೊಫ್ಯಾರಡ್ ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು.

ಕೆಪಾಸಿಟರಿಗೆ ಕೈಹಾಕುವ ಮೊದಲು ಮೀಟರಿನಲ್ಲಿ ಮನೆಯ ವೋಲ್ಟೇಜ್ ಅಳೆಯಿರಿ. ಬೇಸಗೆಯಲ್ಲಿ ಅಡಿಕೆ ತೋಟಗಳಿಗೆ ನೀರು ಬಿಡುವ ಹೊತ್ತಿಗೆ ಸುತ್ತಲಿನ ಪಂಪುಗಳೆಲ್ಲ ಓಡುತ್ತಿದ್ದರೆ ಒಳ ಊರುಗಳಲ್ಲಿ ಕರೆಂಟು ಇಳಿಯುತ್ತದೆ. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 230 ಇದ್ದದ್ದು 180ಕ್ಕೆ ಇಳಿದರೆ ಉಳಿಯುವ ಬಲ ಶೇಕಡಾ 61 ಮಾತ್ರ. ರಾತ್ರಿ ಊಟದ ನಂತರ ಚೆನ್ನಾಗಿ ಓಡುವ ಯಂತ್ರ ಸಂಜೆ ನಾಲ್ಕಕ್ಕೆ ಹೂಂಗುಟ್ಟಿದರೆ ಯಂತ್ರದಲ್ಲಿ ದೋಷವಿಲ್ಲ.

ತುಕ್ಕು ಮತ್ತು ಮಳೆಗಾಲ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಉಪ್ಪುಗಾಳಿ, ಒಳಗೆ ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆ ನಾಲ್ಕು ತಿಂಗಳ ತಂಡಿ. ಎರಕದ ಟೇಬಲ್ಲಿಗೆ ತುಕ್ಕು ಹಿಡಿದೇ ಹಿಡಿಯುತ್ತದೆ, ಹಲಗೆ ಅದರ ಮೇಲೆ ಜಾರದೆ ಕೈ ತಡವರಿಸುತ್ತದೆ. ಚಿಮಿಣಿ ಎಣ್ಣೆ ಸುರಿದು 320 ನಂಬರಿನ ವಾಟರ್ ಪೇಪರಿನಲ್ಲಿ, ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿಕೊಂಡು ಉಜ್ಜಿ. ಬಟ್ಟೆಯಲ್ಲಿ ಪೂರ್ತಿ ಒರೆಸಿ ಒಣಗಿದ ಮೇಲೆ ಪೇಸ್ಟ್ ವ್ಯಾಕ್ಸ್ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಹೊಳಪು ಬರುವ ತನಕ ತಿಕ್ಕಿ. ಕಾರಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಬೇಡ, ಅದು ಮರಕ್ಕೆ ಹತ್ತಿಕೊಂಡರೆ ವಾರ್ನಿಶ್ ಹಿಡಿಯುವುದಿಲ್ಲ. ಕೈಗೆ ಸುಲಭವಾಗಿ ಸಿಗುತ್ತದೆಂದು ತೆಂಗಿನೆಣ್ಣೆ ಸವರುವವರಿದ್ದಾರೆ. ಅದು ನಾಲ್ಕು ದಿನಕ್ಕೆ ಹುಡಿ ಕೂಡಿಸಿಕೊಂಡು ಅಂಟಾಗುತ್ತದೆ, ಹಲಗೆಯ ಅಡಿಗೆ ಕಲೆ ಮಾಡುತ್ತದೆ.

ಮಳೆಗಾಲದಲ್ಲಿ ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಬೇಡಿ. ಒಳಗೆ ಬೆವರಿ ತುಕ್ಕು ಹೆಚ್ಚುತ್ತದೆ. ಹಳೆಯ ಬೈರಾಸು (ಟವೆಲು) ಸಾಕು. ಬ್ಲೇಡುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹುಡಿ ಊದುವ ಪುಟ್ಟ ಕೊಳವೆಯ ಬಾಯಲ್ಲಿ ಮಳೆಗಾಲದಲ್ಲಿ ಒದ್ದೆ ಹುಡಿ ಗಟ್ಟಿಯಾಗಿ ಕೂರುವುದುಂಟು. ಗಾಳಿ ಬಾರದಿದ್ದರೆ ಮೊದಲು ತಂತಿ ಹಾಕಿ ಅದನ್ನು ಬಿಡಿಸಿ, ಆಮೇಲೆ ಒಳಗಿನ ರಬ್ಬರಿನ ತಿದಿ ಹರಿದಿದೆಯೇ ನೋಡಿ.